ಹೃದಯವನ್ನು ಬಿಚ್ಚಿ ನೋಡಿದ ಧರ್ಮಾಧ್ಯಕ್ಷರು



ಅಬ್ಬಿಗೇರಿಯಂತಹ ಎರೆಮಣ್ಣಿನ ಹಳ್ಳಿಯ ಎರಡಂಕಣದ ಮನೆಯಾಗಿರಲಿ, ಗದಗ-ಹುಬ್ಬಳ್ಳಿಯ ಹೊಸ ಬಡಾವಣೆಯ ಮನೆಯಾಗಿರಲಿ, ಕಥೋಲಿಕ ಕುಟುಂಬದ ಮನೆಯೆಂದರೆ ಗೋಡೆಯ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಪಟವೊಂದು ಇದ್ದೇ ಇರುತ್ತದೆ. ಅದರ ಮುಂದೆ ಸಂಜೆಯ ದೀಪ, ಅದರ ಕೆಳಗೆ ಜಪಸರ. ಈಚೆಗೆ ಧರ್ಮೋಪದೇಶದ ತರಗತಿಯಲ್ಲಿ ಹೈಸ್ಕೂಲಿನ ಹುಡುಗನೊಬ್ಬನು ಎದ್ದುನಿಂತು ಸಂಕೋಚದಿಂದ ಒಂದು ಪ್ರಶ್ನೆ ಕೇಳಿದನು. ಹೃದಯವೆಂಬುದು ರಕ್ತವನ್ನು ತಳ್ಳುವ ಒಂದು ಸ್ನಾಯು ಮಾತ್ರ ಎಂದು ಶಾಲೆಯಲ್ಲಿ ಕಲಿಸಿದ್ದಾರೆ. ಹಾಗಾದರೆ ನಾವು ಸ್ನಾಯುವೊಂದರ ಚಿತ್ರಕ್ಕೆ ಕೈಮುಗಿಯುತ್ತಿದ್ದೇವೆಯೇ ಎಂಬುದು ಅವನ ಸಂದೇಹ. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅದು ನಗುವ ಪ್ರಶ್ನೆಯಲ್ಲ. ಹೃದಯವು ಸ್ನಾಯುವೆಂದು ಮೊಟ್ಟಮೊದಲು ನಿಸ್ಸಂದೇಹವಾಗಿ ತೋರಿಸಿಕೊಟ್ಟವರೇ ಮುಂದೆ ಕಥೋಲಿಕ ಗುರುಗಳಾಗಿ, ಧರ್ಮಾಧ್ಯಕ್ಷರಾಗಿ, ಇಂದು ಧರ್ಮಸಭೆಯಲ್ಲಿ ಪುನೀತರೆಂದು ಗೌರವಿಸಲ್ಪಡುತ್ತಿದ್ದಾರೆ ಎಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಎಷ್ಟೋ ಹಿರಿಯರಿಗೂ ತಿಳಿದಿರಲಾರದು. ಆ ಮಹನೀಯರೇ ನೀಲ್ಸ್ ಸ್ಟೆನ್ಸನ್. ವಿಜ್ಞಾನದ ಗ್ರಂಥಗಳಲ್ಲಿ ಅವರನ್ನು ನಿಕೊಲಾಸ್ ಸ್ಟೆನೊ ಎಂದು ಕರೆಯುತ್ತಾರೆ.

ಅವರು ಹುಟ್ಟಿದ್ದು 1638ರ ಜನವರಿಯಲ್ಲಿ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರದಲ್ಲಿ. ತಂದೆ ಅಕ್ಕಸಾಲಿಗರು, ಅರಮನೆಗೂ ಆಭರಣ ಮಾಡಿಕೊಡುತ್ತಿದ್ದವರು. ಕುಟುಂಬದ ಮತ ಲೂಥರನ್ ಪಂಥ. ಮೂರು ವರ್ಷದ ಬಾಲಕನಾಗಿದ್ದಾಗ ಹಿಡಿದ ಕಾಯಿಲೆ ಮೂರು ವರ್ಷಗಳ ಕಾಲ ಬಿಡಲಿಲ್ಲ. ಓರಗೆಯ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದಾಗ ಈ ಬಾಲಕ ಹಿರಿಯರ ಧಾರ್ಮಿಕ ಮಾತುಕತೆಗಳನ್ನು ಕೇಳುತ್ತ ಮನೆಯೊಳಗೆ ಬೆಳೆದನು. ಕಾಯಿಲೆ ವಾಸಿಯಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಶಾಲೆಯ ದಿನಗಳಲ್ಲಿ ಪ್ಲೇಗು ಬಂದು ಅನೇಕ ಸಹಪಾಠಿಗಳನ್ನು ಒಯ್ದಿತು. 1656ರಲ್ಲಿ ವೈದ್ಯಶಾಸ್ತ್ರ ಕಲಿಯಲೆಂದು ವಿಶ್ವವಿದ್ಯಾಲಯ ಸೇರಿದ ಸ್ವಲ್ಪ ಕಾಲದಲ್ಲಿಯೇ ಸ್ವೀಡನ್ನಿನ ಸೈನ್ಯ ನಗರವನ್ನು ಮುತ್ತಿತು. ರೋಗ, ಸಾವು, ಯುದ್ಧ ಎಂಬ ಮೂವರು ಉಪಾಧ್ಯಾಯರ ಕೈಯಲ್ಲಿ ಪಳಗಿದ ಈ ಯುವಕನು ಕಾಣದ್ದನ್ನು ಕಂಡಂತೆ ಹೇಳಬಾರದೆಂಬ ಪಾಠವನ್ನು ಬೇಗನೆ ಕಲಿತನು.

1660ರಲ್ಲಿ ಅವರು ಹಾಲೆಂಡಿಗೆ ಹೋದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಛೇದಿಸುತ್ತಿದ್ದಾಗ, ಕಿವಿಯ ಮುಂಭಾಗದ ಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ನಾಳವೊಂದು ಅವರ ಕಣ್ಣಿಗೆ ಬಿದ್ದಿತು. ಆಶ್ರಯ ಕೊಟ್ಟಿದ್ದ ಗುರುವೇ ಆ ಶೋಧ ತನ್ನದೆಂದು ವಾದಿಸಿದ್ದರಿಂದ ಕಹಿಯಾದ ವಿವಾದವೊಂದು ನಡೆಯಿತು. ಕೊನೆಗೆ ಸತ್ಯವೇ ಉಳಿಯಿತು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನು ಸ್ಟೆನ್ಸನ್ ನಾಳವೆಂದೇ ಓದುತ್ತಾರೆ. ಅಲ್ಲಿಂದ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋದ ಅವರು ಕಣ್ಣೀರಿನ ಗ್ರಂಥಿಗಳನ್ನು ಪರಿಶೀಲಿಸಿ, ಕಣ್ಣನ್ನು ತೇವವಾಗಿಡುವುದೇ ಕಣ್ಣೀರಿನ ಕೆಲಸವೆಂದು ತಿಳಿಸಿದರು. ಆಮೇಲೆ ಅವರು ಕೈಯಿಟ್ಟದ್ದು ಹೃದಯಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದವರು ಹೃದಯವನ್ನು ಏನೆಂದು ತಿಳಿದಿದ್ದರು ಎಂಬುದನ್ನು ಅರಿಯದೆ ಈ ಶೋಧದ ಬೆಲೆ ನಮಗೆ ತಿಳಿಯದು. ಹೃದಯವು ದೇಹದ ಶಾಖದ ಮೂಲ, ಅದನ್ನು ತಣಿಸುವುದಕ್ಕಾಗಿಯೇ ಉಸಿರಾಟ ಎಂಬುದು ತತ್ತ್ವಜ್ಞಾನಿ ಅರಿಸ್ಟಾಟಲನ ಅಭಿಪ್ರಾಯವಾಗಿತ್ತು. ವೈದ್ಯ ಗ್ಯಾಲೆನ್, ರಕ್ತವು ಪಿತ್ತಜನಕಾಂಗದಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಖರ್ಚಾಗಿ ಹೋಗುತ್ತದೆಂದೂ, ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಸ್ವಲ್ಪ ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆಂದೂ ಕಲಿಸಿದ್ದನು. ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್, ನಡುಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶವನ್ನು ಬಳಸಿಯೇ ಎಡಬದಿಗೆ ಬರಬೇಕು ಎಂದು ಬರೆದಿದ್ದರು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ರಕ್ತವು ಖರ್ಚಾಗುವುದಿಲ್ಲ, ಸುತ್ತುತ್ತದೆ ಎಂದು ಸಾಧಿಸಿದರು. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡಿ, ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಕೂಡಿಸುವ ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳನ್ನು ಕಂಡರು. ಮುಂದೆ ಪೋಪರ ವೈದ್ಯರಾದ ಈ ಮಾಲ್ಪೀಗಿಯವರಿಗೂ ಸ್ಟೆನ್ಸನ್ನರಿಗೂ ಸ್ನೇಹವಿತ್ತು.

ಆದರೂ ಒಂದು ಗಂಟು ಉಳಿದಿತ್ತು. ರಕ್ತವನ್ನು ತಳ್ಳುವ ಬಲ ಹೃದಯಕ್ಕೆ ಎಲ್ಲಿಂದ ಬಂದಿತು? ಆ ಕಾಲದ ಮಹಾ ತತ್ತ್ವಜ್ಞಾನಿ ಡೆಕಾರ್ಟ್, ಹೃದಯವೊಂದು ಕಾದ ಒಲೆ, ಅದರೊಳಗೆ ಬಿದ್ದ ರಕ್ತ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಹೊರಗೆ ನುಗ್ಗುತ್ತದೆ ಎಂದಿದ್ದರು. ಗಣಿತದಷ್ಟು ಖಚಿತವಾದ ಅವರ ತರ್ಕಕ್ಕೆ ಯೂರೋಪಿನ ಯುವಕರೆಲ್ಲರೂ ಮಾರುಹೋಗಿದ್ದರು. ಸ್ಟೆನ್ಸನ್ನರೂ ಅವರಲ್ಲಿ ಒಬ್ಬರು. ಆದರೆ ಅವರು ತರ್ಕವನ್ನು ಮೆಚ್ಚಿ ಸುಮ್ಮನಾಗಲಿಲ್ಲ. ಎತ್ತಿನ ಹೃದಯವೊಂದನ್ನು ತಂದು ಬೇಯಿಸಿ, ಅದರ ಎಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕಾಲಿನ ಮಾಂಸಖಂಡದ ಎಳೆಗಳೊಡನೆ ಹೋಲಿಸಿದರು. ಎರಡೂ ಒಂದೇ! ಅಲ್ಲಿ ಒಲೆಯೂ ಇರಲಿಲ್ಲ, ಒಳಬೆಂಕಿಯೂ ಇರಲಿಲ್ಲ. ಇದ್ದದ್ದು ಎಳೆ, ನರ, ರಕ್ತನಾಳಗಳಿಂದ ಕೂಡಿದ, ಹುರಿಹಗ್ಗದಂತೆ ಸುತ್ತಿಕೊಂಡ ಒಂದು ಸ್ನಾಯು. 1664ರಲ್ಲಿ ಸ್ನಾಯುಗಳನ್ನೂ ಗ್ರಂಥಿಗಳನ್ನೂ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಅವರು ಇದನ್ನು ಜಗತ್ತಿಗೆ ಸಾರಿದರು. ಆಗ ಅವರ ವಯಸ್ಸು 26.

ಇಂದು ನಮಗೆ ತಿಳಿದಿರುವುದನ್ನು ಇದಕ್ಕೆ ಸೇರಿಸಿ ನೋಡಿದರೆ ಸೃಷ್ಟಿಕರ್ತನ ಕೈಚಳಕ ಇನ್ನಷ್ಟು ಬೆಳಗುತ್ತದೆ. ಹೃದಯದಲ್ಲಿ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ದೇಹದಲ್ಲೆಲ್ಲ ದುಡಿದು ಕಪ್ಪಿಟ್ಟ ರಕ್ತವು ಬಲಬದಿಗೆ ಬರುತ್ತದೆ. ಬಲ ಹೃತ್ಕುಕ್ಷಿಯು ಅದನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ 30 ಕೋಟಿಗೂ ಮಿಕ್ಕ ಗಾಳಿಗೂಡುಗಳಿವೆ. ಒಂದೊಂದು ಗೂಡಿನ ಸುತ್ತಲೂ ಲೋಮನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಅತ್ಯಂತ ತೆಳುವಾದ ಪೊರೆ. ಅದರ ಮೂಲಕ ರಕ್ತವು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಆಮ್ಲಜನಕವನ್ನು ಪಡೆದುಕೊಳ್ಳುತ್ತದೆ. ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆ ಆಮ್ಲಜನಕವನ್ನು ಹೊರುವ ಹಮಾಲ. ಕೆಂಪಾಗಿ ಹೊಳೆಯುವ ರಕ್ತ ಎಡಬದಿಗೆ ಮರಳುತ್ತದೆ. ದಪ್ಪ ಗೋಡೆಯ ಎಡ ಹೃತ್ಕುಕ್ಷಿಯು ಅದನ್ನು ಮಹಾಪಧಮನಿಯ ಮೂಲಕ ತಲೆಯಿಂದ ಅಂಗಾಲಿನವರೆಗೂ ತಲುಪಿಸುತ್ತದೆ. ಕೋಣೆಗಳ ಬಾಗಿಲಲ್ಲಿರುವ ಕವಾಟಗಳು ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ.

ಶ್ವಾಸಕೋಶಕ್ಕೆ ತನ್ನನ್ನು ತಾನು ಹಿಗ್ಗಿಸಿಕೊಳ್ಳುವ ಬಲವಿಲ್ಲ. ವಪೆಯೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಎದೆಯ ಗೂಡನ್ನು ಅಗಲಿಸಿದಾಗ, ಕಮ್ಮಾರನ ತಿದಿಯಂತೆ ಗಾಳಿಯು ಒಳಗೆ ನುಗ್ಗುತ್ತದೆ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಸುಮ್ಮನೆ ಕುಳಿತಿದ್ದಾಗಲೂ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಅಂದರೆ ನಿಮಿಷಕ್ಕೊಮ್ಮೆ ನಮ್ಮ ರಕ್ತವೆಲ್ಲ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ದಿನಕ್ಕೆ ಒಂದು ಲಕ್ಷದಷ್ಟು ಬಡಿತಗಳು. ಜೋಳದ ಚೀಲ ಹೊತ್ತು ಅಟ್ಟ ಹತ್ತುವ ರೈತನಿಗೆ ಏದುಸಿರು ಬರುವುದೂ ಎದೆ ಡವಗುಟ್ಟುವುದೂ ಒಟ್ಟಿಗೇ ಆಗುತ್ತವೆ. ಸ್ನಾಯು ಹೆಚ್ಚು ಬೇಡಿದಾಗ ಶ್ವಾಸಕೋಶ ಹೆಚ್ಚು ತರಬೇಕು, ಹೃದಯ ಹೆಚ್ಚು ಹಂಚಬೇಕು. ಒಂದು ತಂದು ಮತ್ತೊಂದು ಹಂಚದಿದ್ದರೆ ಪ್ರಯೋಜನವಿಲ್ಲ. ನಮ್ಮ ಕುಟುಂಬಗಳಿಗೂ ಧರ್ಮಕೇಂದ್ರಗಳಿಗೂ ಇದಕ್ಕಿಂತ ಒಳ್ಳೆಯ ನಿದರ್ಶನ ಬೇರೆ ಬೇಕೆ?

ಇನ್ನೆರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾರೆ. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆಯಾದರೂ ಅದರ ದಪ್ಪ ಗೋಡೆ ಆ ರಕ್ತದಿಂದ ನೇರವಾಗಿ ಪೋಷಣೆ ಪಡೆಯಲಾರದು. ಮಹಾಪಧಮನಿಯ ಬುಡದಿಂದ ಕವಲೊಡೆದು ಬರುವ ಚಿಕ್ಕ ಅಪಧಮನಿಗಳ ಮೂಲಕವೇ ಅದಕ್ಕೆ ಆಹಾರ. ಎಲ್ಲರಿಗೂ ಬಡಿಸುವವನೂ ಎಲೆ ಹಾಕಿಸಿಕೊಂಡು ಉಣ್ಣಲೇಬೇಕು. ನಮ್ಮಂತಹ ಗುರುಗಳಿಗೆ ಇದು ಎಚ್ಚರಿಕೆಯ ಮಾತು. ಮತ್ತೊಂದು, ಹೃದಯವು ಬಿಡುವಿಲ್ಲದೆ ದುಡಿಯುತ್ತದೆಂಬ ಮಾತು ಪೂರ್ತಿ ನಿಜವಲ್ಲ. ಬಡಿತವೊಂದಕ್ಕೆ ಹಿಡಿಯುವ ಸುಮಾರು 0.8 ಸೆಕೆಂಡಿನಲ್ಲಿ ಹೃತ್ಕುಕ್ಷಿಗಳು ಬಿಗಿಯುವುದು ಸುಮಾರು 0.3 ಸೆಕೆಂಡು ಮಾತ್ರ. ಉಳಿದ ಕಾಲ ಸಡಿಲಾಗಿ ತುಂಬಿಕೊಳ್ಳುತ್ತವೆ. ಎಡ ಹೃತ್ಕುಕ್ಷಿಯ ಗೋಡೆಗೆ ಹೆಚ್ಚಿನ ಪೋಷಣೆ ದೊರೆಯುವುದು ಆ ಬಿಡುವಿನಲ್ಲಿಯೇ. ಭಾನುವಾರವೂ ಅಂಗಡಿ ತೆರೆದಿಡುವ, ಹೊಲದಿಂದ ಬಲಿಪೂಜೆಗೆ ಬರಲು ಸಮಯವಿಲ್ಲವೆನ್ನುವ ಬಂಧುಗಳು ತಮ್ಮ ಎದೆಯ ಮೇಲೆ ಕೈಯಿಟ್ಟು ಇದನ್ನು ಯೋಚಿಸಲಿ.

ಸ್ಟೆನ್ಸನ್ನರು ಹೃದಯದ ಬಗ್ಗೆ ಮಾಡಿದ ಇನ್ನೊಂದು ಅವಲೋಕನವಿದೆ. ವಿಕೃತವಾಗಿ ಬೆಳೆದಿದ್ದ ಭ್ರೂಣವೊಂದರ ಹೃದಯವನ್ನು ಪರೀಕ್ಷಿಸಿ ಅವರು ಪ್ರಕಟಿಸಿದ ವಿವರಣೆಯಲ್ಲಿ, ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಕಿರಿದಾಗಿತ್ತು. ಹೃದಯದ ನಡುಗೋಡೆಯಲ್ಲಿ ರಂಧ್ರವಿತ್ತು. ಮಹಾಪಧಮನಿ ಎರಡೂ ಹೃತ್ಕುಕ್ಷಿಗಳಿಂದ ರಕ್ತ ಪಡೆಯುವಂತಿತ್ತು. ಎರಡು ಶತಮಾನಗಳ ನಂತರ, 1888ರಲ್ಲಿ, ಫ್ರಾನ್ಸಿನ ವೈದ್ಯ ಫಾಲೊ ಇದೇ ದೋಷವನ್ನು ವಿಸ್ತಾರವಾಗಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರು ನಿಂತಿತು. ಹೀಗೆ ಹುಟ್ಟಿದ ಮಗುವಿನಲ್ಲಿ ಸಾಕಷ್ಟು ರಕ್ತ ಶ್ವಾಸಕೋಶಕ್ಕೆ ಹೋಗದೆ, ಕಪ್ಪು ರಕ್ತವೇ ಅಡ್ಡದಾರಿಯಿಂದ ಮೈಗೆಲ್ಲ ಹರಿಯುವುದರಿಂದ ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಶತಮಾನಗಳ ಕಾಲ ಇಂತಹ ಮಕ್ಕಳಿಗೆ ಚಿಕಿತ್ಸೆಯೇ ಇರಲಿಲ್ಲ. 1944ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಇಂದು ನಮ್ಮ ರಾಜ್ಯದಲ್ಲಿಯೇ ಅಂತಹ ಚಿಕಿತ್ಸೆ ದೊರೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟಿನಿಂದ ಬಂದ ಹೃದ್ರೋಗವೂ ಸೇರಿದೆ.

ತಾಯಂದಿರೇ, ಮಗುವು ಅಳುವಾಗ, ಹಾಲು ಕುಡಿಯುವಾಗ ನೀಲಿಗಟ್ಟಿದರೆ, ಏದುಸಿರು ಬಿಟ್ಟರೆ, ದೃಷ್ಟಿಯಾಯಿತೆಂದು ತಾಯತ ಕಟ್ಟಿ ಕುಳಿತುಕೊಳ್ಳಬೇಡಿರಿ. ಹಿರಿಯರ ಪಾಪದ ಫಲವೆಂದು ಸೊಸೆಯನ್ನು ಹಳಿಯಬೇಡಿರಿ. ಹರಕೆ ಹೊರುವುದು ತಪ್ಪಲ್ಲ. ಹರಕೆ ಹೊತ್ತೆವೆಂದು ಆಸ್ಪತ್ರೆಗೆ ಹೋಗದಿರುವುದು ತಪ್ಪು. ವೈದ್ಯನ ಕೈಯೂ ದೇವರು ಕೊಟ್ಟದ್ದೇ ಎಂಬುದಕ್ಕೆ ಈ ಪುನೀತರ ಜೀವನವೇ ಸಾಕ್ಷಿ.

ಇನ್ನು ಅವರ ಮನಸ್ಸಿನ ಕಥೆ. ಹೃದಯವು ಸ್ನಾಯುವೆಂದು ತಿಳಿದ ದಿನ ಅವರ ದೇವಭಕ್ತಿ ಕುಸಿಯಲಿಲ್ಲ. ಕುಸಿದದ್ದು ಬೇರೆಯೇ. ಕಣ್ಣೆದುರಿಗಿರುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಒಂದು ಅಂಗದ ವಿಷಯದಲ್ಲಿಯೇ ಇಷ್ಟು ದೊಡ್ಡ ತತ್ತ್ವಜ್ಞಾನಿಗಳು ಇಷ್ಟು ಖಚಿತವಾಗಿ ತಪ್ಪಿರುವಾಗ, ಕಾಣದ ಆತ್ಮವನ್ನೂ ದೇವರನ್ನೂ ಕುರಿತ ಅವರ ಖಚಿತ ನುಡಿಗಳನ್ನು ಹೇಗೆ ನೆಚ್ಚುವುದು ಎಂಬ ವಿಚಾರ ಅವರಲ್ಲಿ ಮೂಡಿತು. ಬಹಳ ವರ್ಷಗಳ ನಂತರ ಮಹಾ ಪಂಡಿತ ಲೈಬ್ನಿಜರಿಗೆ ಬರೆದ ಪತ್ರದಲ್ಲಿ ಅವರು ಇದನ್ನು ನೆನೆದಿದ್ದಾರೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನನಗೆ ಈ ಮಾತು ಬಹಳ ದಿನ ಚುಚ್ಚಿದ್ದುಂಟು. ವಿಜ್ಞಾನದಿಂದ ನಂಬಿಕೆ ಕೆಡುತ್ತದೆಂದು ಹೆದರುವವರು ಬಹಳ. ಇಲ್ಲಿ ವಿಜ್ಞಾನವು ಕೆಡಿಸಿದ್ದು ಅಹಂಕಾರವನ್ನು.

ತಾಯ್ನಾಡಿನಲ್ಲಿ ಪ್ರಾಧ್ಯಾಪಕನ ಹುದ್ದೆ ದೊರೆಯದೆ ಪ್ಯಾರಿಸ್ಸಿಗೆ ಹೋದ ಅವರು, ಅಲ್ಲಿ ಮಿದುಳಿನ ರಚನೆಯನ್ನು ಕುರಿತು ಹೆಸರಾಂತ ಉಪನ್ಯಾಸ ನೀಡಿ, 1666ರಲ್ಲಿ ಇಟಲಿಯ ಫ್ಲಾರೆನ್ಸ್ ತಲುಪಿದರು. ಮೆದಿಚಿ ಮನೆತನದ ದೊರೆ ಅವರಿಗೆ ಆಶ್ರಯವಿತ್ತರು. ಅದೇ ವರ್ಷ ಲಿವೊರ್ನೊ ಬಂದರಿನಲ್ಲಿ ಪರಮಪ್ರಸಾದದ ಮೆರವಣಿಗೆಯೊಂದು ಅವರ ಎದುರಿಗೆ ಹಾದುಹೋಯಿತು. ಜನರು ಹೂವಿನ ಹಾದಿಯಲ್ಲಿ ಮೊಣಕಾಲೂರಿದ್ದರು. ಇದು ಬರಿಯ ರೊಟ್ಟಿಯಾದರೆ ಈ ಜನರೆಲ್ಲ ಮೂಢರು. ನಿಜವಾಗಿಯೂ ಪ್ರಭುವಿನ ಶರೀರವಾದರೆ ತಾನೇಕೆ ನಿಂತಿರಬೇಕೆಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಪ್ರಶ್ನೆ ಹುಟ್ಟಿದ ಮೇಲೆ ಉತ್ತರ ಸಿಗುವವರೆಗೂ ಮಲಗುವ ಜಾಯಮಾನ ಅವರದಲ್ಲ. ಪವಿತ್ರ ಗ್ರಂಥವನ್ನು ಹೀಬ್ರೂ, ಗ್ರೀಕ್ ಮೂಲಗಳಲ್ಲಿ ಪರಿಶೀಲಿಸಿದರು. ಆದಿ ಸಭೆಯ ಪಿತೃಗಳನ್ನು ಓದಿದರು. ಕನ್ಯಾಮಠವೊಂದರ ಔಷಧಾಲಯದ ಸೋದರಿ ಮರಿಯ ಫ್ಲಾವಿಯಾ, ಲುಕ್ಕಾ ರಾಯಭಾರಿಯ ಪತ್ನಿ ಲವಿನಿಯಾ ಅರ್ನೊಲ್‌ಫಿನಿ ಎಂಬ ಇಬ್ಬರು ಸ್ತ್ರೀಯರ ಪ್ರಾರ್ಥನೆ ಹಾಗೂ ಸರಳ ನಡೆನುಡಿ ಅವರ ಮೇಲೆ ಅಪಾರ ಪ್ರಭಾವ ಬೀರಿದವು. 1667ರ ನವೆಂಬರಿನಲ್ಲಿ, ಸಕಲ ಮೃತರ ಸ್ಮರಣೆಯ ದಿನ, ಅವರ ಮನಸ್ಸು ನಿಶ್ಚಯವಾಯಿತು. ಅದೇ ತಿಂಗಳು ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಇದೇ ಅವಧಿಯಲ್ಲಿ ಲಿವೊರ್ನೊ ಬಳಿ ಸಿಕ್ಕ ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಛೇದಿಸಿ, ಬೆಟ್ಟಗಳಲ್ಲಿ ದೊರೆಯುವ ನಾಲಿಗೆಯಾಕಾರದ ಕಲ್ಲುಗಳು ಪುರಾತನ ಶಾರ್ಕ್‌ಗಳ ಹಲ್ಲುಗಳೇ ಎಂದು ತೋರಿಸಿದರು. 1669ರಲ್ಲಿ, ಭೂಮಿಯ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಬರೆದು ಭೂವಿಜ್ಞಾನಕ್ಕೆ ತಳಹದಿ ಹಾಕಿದರು. 1672ರಲ್ಲಿ ಡೆನ್ಮಾರ್ಕಿನ ಅರಸರು ಕರೆಸಿಕೊಂಡು ರಾಜಾಶ್ರಯದ ಅಂಗರಚನಾಶಾಸ್ತ್ರಜ್ಞರನ್ನಾಗಿ ನೇಮಿಸಿದರು. ಕಥೋಲಿಕರಾದ್ದರಿಂದ ವಿಶ್ವವಿದ್ಯಾಲಯದ ಪೀಠ ಅವರಿಗೆ ಮುಚ್ಚಿತ್ತು. 1673ರಲ್ಲಿ ಅವರು ಅಲ್ಲಿ ನೀಡಿದ ಉಪನ್ಯಾಸ, ಕಾಣುವುದು, ಅರಿಯುವುದು, ಅರಿವಿಗೆ ಮೀರಿದ್ದು ಎಂಬ ಸೌಂದರ್ಯದ ಮೂರು ಮೆಟ್ಟಿಲುಗಳನ್ನು ನಿರೂಪಿಸಿ ಪ್ರಸಿದ್ಧವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನ ಪಾರೆ-ಲೆ-ಮೋನಿಯಾಲ್ ಕನ್ಯಾಮಠದಲ್ಲಿ ಸಂತ ಮಾರ್ಗರೆಟ್ ಮೇರಿಯವರಿಗೆ ಪವಿತ್ರ ಹೃದಯದ ಮೊದಲ ದರ್ಶನವಾಯಿತು. ಒಂದೇ ವರ್ಷ, ಒಬ್ಬರು ಶವದ ಮೇಜಿನ ಬಳಿ, ಮತ್ತೊಬ್ಬರು ಪೀಠದ ಬಳಿ. ಇಬ್ಬರೂ ಪರಸ್ಪರ ಅರಿಯದವರು.

1675ರಲ್ಲಿ ಫ್ಲಾರೆನ್ಸಿನಲ್ಲಿ ಗುರುದೀಕ್ಷೆ ಪಡೆದ ಸ್ಟೆನ್ಸನ್ನರು 1677ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಅಭಿಷೇಕಿಸಿದವರು ಮುಂದೆ ಸಂತರೆನಿಸಿದ ಕಾರ್ಡಿನಲ್ ಬಾರ್ಬರಿಗೊ. ಉತ್ತರ ಯೂರೋಪಿನಲ್ಲಿ ಚದುರಿಹೋಗಿದ್ದ ಕೆಲವೇ ಕಥೋಲಿಕರ ಪಾಲನೆ ಅವರ ಹೊಣೆಯಾಯಿತು. ಹಾನೋವರ್, ಮ್ಯೂನ್‌ಸ್ಟರ್, ಹ್ಯಾಂಬರ್ಗ್ ಎಂದು ಊರೂರು ಅಲೆದರು. ಮ್ಯೂನ್‌ಸ್ಟರಿನಲ್ಲಿ ಹೊಸ ಧರ್ಮಾಧ್ಯಕ್ಷರ ಆಯ್ಕೆಗೆ ಹಣ ಕೈಬದಲಾದುದನ್ನು ಕಂಡು, ಅದಕ್ಕೆ ಒಪ್ಪಿಗೆಯಾಗಿ ಬಲಿಪೂಜೆ ಅರ್ಪಿಸಲು ನಿರಾಕರಿಸಿ, 1683ರಲ್ಲಿ ಊರು ಬಿಟ್ಟರು. ಧರ್ಮಾಧ್ಯಕ್ಷರ ಉಂಗುರವನ್ನೂ ಶಿಲುಬೆಯನ್ನೂ ಮಾರಿ ಬಡವರಿಗೆ ಕೊಟ್ಟರು. ಹಳೆಯ ಮೇಲಂಗಿಯಲ್ಲಿ ಚಳಿಗಾಲ ಕಳೆದರು. ಅತಿಯಾದ ಉಪವಾಸದಿಂದ ದೇಹವನ್ನು ಸವೆಸಿಕೊಂಡದ್ದನ್ನು ಅವರ ಗೆಳೆಯರೇ ಒಪ್ಪಲಿಲ್ಲ. ದೊಡ್ಡ ವಿಜ್ಞಾನಿಯೊಬ್ಬನನ್ನು ಜಗತ್ತು ಕಳೆದುಕೊಂಡಿತೆಂದು ಲೈಬ್ನಿಜರು ಮರುಗಿದರು. ಆ ಮರುಕದಲ್ಲಿ ನ್ಯಾಯವಿಲ್ಲವೆನ್ನಲಾರೆ. ಆದರೆ ಹೃದಯದ ರಚನೆಯನ್ನು ತಿಳಿದವರು, ಇನ್ನು ಆ ಹೃದಯ ಯಾರಿಗಾಗಿ ಬಡಿಯಬೇಕೆಂಬ ಪ್ರಶ್ನೆಗೆ ಬದುಕಿನಿಂದಲೇ ಉತ್ತರ ಬರೆದರು.

1686ರ ಡಿಸೆಂಬರ್ 5ರಂದು ಉತ್ತರ ಜರ್ಮನಿಯ ಶ್ವೆರಿನ್ ಪಟ್ಟಣದಲ್ಲಿ ಉದರಶೂಲೆಯಿಂದ ನರಳಿ ಅವರು ಪ್ರಾಣಬಿಟ್ಟರು. ವಯಸ್ಸು 48. ಎಷ್ಟೋ ಜನರ ಮರಣಶಯ್ಯೆಯ ಬಳಿ ನಿಂತಿದ್ದ ಅವರಿಗೆ ಅಂತ್ಯಕಾಲದಲ್ಲಿ ಸಂಸ್ಕಾರ ಕೊಡಲು ಗುರುವೊಬ್ಬರೂ ಬಳಿಯಲ್ಲಿರಲಿಲ್ಲ. ಫ್ಲಾರೆನ್ಸಿನ ದೊರೆ ಅವರ ದೇಹವನ್ನು ತರಿಸಿ ಸಂತ ಲಾರೆನ್ಸರ ದೇವಾಲಯದಲ್ಲಿ ಸಮಾಧಿ ಮಾಡಿಸಿದರು. 1988ರ ಅಕ್ಟೋಬರ್ 23ರಂದು, ಇಂದು ಸಂತರಾಗಿರುವ ಎರಡನೆಯ ಜಾನ್ ಪೌಲ್ ಪೋಪರು, ಅವರನ್ನು ಪುನೀತರೆಂದು ಘೋಷಿಸಿದರು.

ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಹೌದು, ಹೃದಯವು ಸ್ನಾಯು. ನಿನ್ನ ವಿಜ್ಞಾನದ ಉಪಾಧ್ಯಾಯರು ಹೇಳಿದ್ದು ಸರಿ. ದೇವಪುತ್ರನು ನಿಜವಾಗಿಯೂ ಮನುಷ್ಯನಾದ್ದರಿಂದ ಅವನ ಎದೆಯಲ್ಲಿಯೂ ಇದೇ ಎಳೆಗಳ ಸ್ನಾಯು ಬಡಿಯಿತು. ಅವನೂ ನಮ್ಮಂತೆಯೇ ಉಸಿರಾಡಿದನು. ಈಟಿ ತಿವಿದಾಗ ಅವನ ಪಕ್ಕೆಯಿಂದ ಹರಿದದ್ದು ನಿಜವಾದ ರಕ್ತ. ನಾವು ಕೈಮುಗಿಯುವುದು ಸ್ನಾಯುವಿಗಲ್ಲ, ಆ ಸ್ನಾಯುವಿನ ಕೊನೆಯ ಬಡಿತವನ್ನೂ ನಮಗಾಗಿ ವ್ಯಯಿಸಿದ ಪ್ರೀತಿಗೆ. ಹುಡುಗನು ತಲೆಯಾಡಿಸಿ ಕುಳಿತನು. ಪೂರ್ತಿ ಒಪ್ಪಿದನೋ ಇಲ್ಲವೋ ನಾನರಿಯೆ. ಒಪ್ಪದಿದ್ದರೆ ಮತ್ತೆ ಕೇಳಲಿ. ಬಿಚ್ಚಿ ನೋಡುವವರನ್ನು ದೇವರು ದೂರ ಮಾಡುವುದಿಲ್ಲವೆಂಬುದನ್ನು ಪುನೀತ ನೀಲ್ಸ್ ಸ್ಟೆನ್ಸನ್ನರ ಬಾಳು ನಮಗೆ ತಿಳಿಸುತ್ತದೆ.

ಇಂದು ಸಂಜೆ ಪಟದ ಮುಂದೆ ದೀಪ ಹಚ್ಚುವಾಗ ಮನೆಮಂದಿಯೆಲ್ಲ ಒಂದು ನಿಮಿಷ ಎದೆಯ ಮೇಲೆ ಕೈಯಿಟ್ಟು ಮೌನವಾಗಿರಿ. ಆ ಒಂದು ನಿಮಿಷದಲ್ಲಿ ನಿಮ್ಮ ರಕ್ತವೆಲ್ಲ ಒಂದು ಸುತ್ತು ಬಂದಿರುತ್ತದೆ. ನೀವು ಕೇಳದೆ ಕೊಟ್ಟ ದಾನವದು. ಕೊಟ್ಟವನನ್ನು ನೆನೆಯಿರಿ.